‘ಆರ್‌ಸಿ’ ಎಂಬ ಸಾಲುಗಳು: ದಾವಣಗೆರೆಯ ಮಂಡಿಯೊಂದರ ಸರ್ವರ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳ ಮತ್ತು ಭತ್ತದ ದಲಾಲಿ ವ್ಯವಹಾರ ನಡೆಸುವ ಒಂದು ಅಂಗಡಿಯ ಪ್ರಕರಣವಿದು. ಅಂಗಡಿಯ ಮತ್ತು ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ಯಾಕೇಜ್‌ಗಳ (ಸರ್ವರ್‌ನಲ್ಲಿ ಸ್ಥಾಪಿಸುವ ತಂತ್ರಾಂಶದ ಕಟ್ಟುಗಳ) ಹೆಸರು ಹಾಗೂ ಪಟ್ಟಿಯಲ್ಲಿ ಅವು ತೋರಿಸುತ್ತಿದ್ದ ಸ್ಥಿತಿಯನ್ನು ಮಾತ್ರ ಮುಟ್ಟಿಲ್ಲ.

ಅಂಗಡಿಯ ಒಳಕೋಣೆಯಲ್ಲಿ ಹಳೆಯ ಯುಪಿಎಸ್ ಒಂದರ ಪಕ್ಕ ಇರಿಸಿದ ಒಂದೇ ಸರ್ವರ್ ಮೇಲೆ ವ್ಯವಹಾರದ ಪೂರ್ತಿ ಲೆಕ್ಕ ನಿಂತಿತ್ತು. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದ ಮಾಲಿನ ತೂಕ, ಚೀಲಗಳ ಎಣಿಕೆ, ಹಮಾಲಿ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ, ಖರೀದಿದಾರರಿಂದ ಬರಬೇಕಾದ ಬಾಕಿ, ಇವೆಲ್ಲವೂ ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ದಾಖಲಾಗುತ್ತಿದ್ದವು. ಸರ್ವರ್‌ನಲ್ಲಿದ್ದದ್ದು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್ 11. ಅದನ್ನು ನೋಡಿಕೊಳ್ಳುತ್ತಿದ್ದವನು ಡಿಪ್ಲೊಮಾ ಮುಗಿಸಿ ಅಲ್ಲಿಯೇ ಗುಮಾಸ್ತಿಕೆಗೆ ಸೇರಿಕೊಂಡ ಹುಡುಗ. ಚುರುಕಿನವನು, ಓದಿಕೊಂಡು ಮಾಡುವವನು. ದೊಡ್ಡ ತೊಂದರೆ ಬಂದಾಗ ಮಾತ್ರ ನನಗೆ ಫೋನ್ ಬರುತ್ತಿತ್ತು.

ಡೆಬಿಯನ್ 12 ಹೊರಬಂದದ್ದು 2023ರ ಜೂನ್‌ನಲ್ಲಿ. ಮೆಕ್ಕೆಜೋಳದ ಹಂಗಾಮು ಆರಂಭವಾಗುವ ಮೊದಲೇ ಸರ್ವರ್ ಅನ್ನು ಹೊಸ ಆವೃತ್ತಿಗೆ ಏರಿಸಿಬಿಡಬೇಕೆಂದು ಅವನು ಒಂದು ಭಾನುವಾರ ಸಂಜೆ ಕೆಲಸಕ್ಕೆ ಕುಳಿತ. ನಿರ್ಧಾರ ಸರಿಯಾಗಿಯೇ ಇತ್ತು. ಬ್ಯಾಕಪ್ ವಿಚಾರ ಮಾತ್ರ ಹಾಗಿರಲಿಲ್ಲ; ಪೆನ್‌ಡ್ರೈವ್‌ನಲ್ಲಿದ್ದ ಕೊನೆಯ ನಕಲು ಹಿಂದಿನ ಹಂಗಾಮಿನದ್ದು.

ಸಮಸ್ಯೆ

ಪ್ಯಾಕೇಜ್‌ಗಳು ಇಳಿದು, ಬಿಚ್ಚಿಕೊಂಡು, ಒಂದೊಂದಾಗಿ ಹೊಂದಿಸಿಕೊಳ್ಳುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹೆಚ್ಚು ಹೊತ್ತು ತಾಳಲಿಲ್ಲ. ಕರೆಂಟ್ ಬಂದ ಮೇಲೆ ಯಂತ್ರ ಹಳೆಯ 5.10 ಕರ್ನಲ್‌ನಲ್ಲಿ (ವ್ಯವಸ್ಥೆಯ ತಿರುಳಿನಲ್ಲಿ) ಎದ್ದು ನಿಂತಿತು. ಪ್ಯಾಕೇಜ್‌ಗಳನ್ನು ತರಿಸುವ ಆಪ್ಟ್ ಚಲಾಯಿಸಲು ಹೋದರೆ, ಅವನ್ನು ಸ್ಥಾಪಿಸುವ ಡಿಪಿಕೆಜಿ ಅರ್ಧಕ್ಕೆ ನಿಂತಿದೆ, ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯನ್ನು ನೀವೇ ಕೊಡಬೇಕು ಎಂಬ ಸಂದೇಶ ಬಂತು. ಆಜ್ಞೆ ಕೊಟ್ಟಾಗ ಬಹುಪಾಲು ಪ್ಯಾಕೇಜ್‌ಗಳು ಹೊಂದಿಕೊಂಡವು, ಕೊನೆಯಲ್ಲಿ ಕೆಲವು ‘ಜಾಗವಿಲ್ಲ’ ಎಂಬ ದೂರಿನೊಂದಿಗೆ ನಿಂತುಬಿಟ್ಟವು.

ಜಾಗವಿಲ್ಲ ಎಂದ ಕೂಡಲೇ ಅವನ ಕಣ್ಣು ಹೋದದ್ದು ಪೋಸ್ಟ್‌ಗ್ರೆಸ್ ಕಡೆಗೆ. ಡೆಬಿಯನ್ 11ರ ಪೋಸ್ಟ್‌ಗ್ರೆಸ್ 13 ಮತ್ತು ಡೆಬಿಯನ್ 12ರ ಪೋಸ್ಟ್‌ಗ್ರೆಸ್ 15 ಎರಡೂ ಪಟ್ಟಿಯಲ್ಲಿದ್ದವು. ಹೊಸದು ಬಂದ ಮೇಲೆ ಹಳೆಯದೇಕೆ ಎಂದು ಅವನು ‘ಆಪ್ಟ್ ರಿಮೂವ್’ ಕೊಟ್ಟು ಹದಿಮೂರನ್ನು ತೆಗೆಯಲು ಹೇಳಿದ. ಆಜ್ಞೆಯ ಕೊನೆಗೆ ಮತ್ತದೇ ಜಾಗದ ದೂರು, ಮತ್ತದೇ ದೋಷಸಂದೇಶ ಕಾಣಿಸಿಕೊಂಡದ್ದರಿಂದ ತೆಗೆಯುವ ಕೆಲಸವೂ ಆಗಲಿಲ್ಲವೆಂದೇ ಅವನು ತಿಳಿದ. ವಾಸ್ತವದಲ್ಲಿ ಅದು ಆಗಿಹೋಗಿತ್ತು. ಆಪ್ಟ್ ಮೊದಲು ಹೇಳಿದ ಪ್ಯಾಕೇಜನ್ನು ತೆಗೆದು, ಆಮೇಲೆ ಬಾಕಿ ಉಳಿದವನ್ನು ಹೊಂದಿಸಲು ಹೋಗಿ ಸೋತಿತ್ತು. ಕೊನೆಯ ಸಾಲಿನ ಸೋಲು ಇಡೀ ಆಜ್ಞೆಯ ಸೋಲಿನಂತೆ ಕಂಡಿತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದಾಗ ಬಿಲ್ಲಿಂಗ್ ತಂತ್ರಾಂಶ ದತ್ತಸಂಚಯಕ್ಕೆ ಸಂಪರ್ಕವೇ ಸಿಗುತ್ತಿಲ್ಲವೆಂದಿತು. ಗುಮಾಸ್ತರು ಕೈಬರಹದ ಪಟ್ಟಿ ಬರೆಯತೊಡಗಿದರು. ಹುಡುಗ ಪ್ಯಾಕೇಜ್‌ಗಳ ಪಟ್ಟಿಯನ್ನು ತೆಗೆದು ನೋಡಿದಾಗ ಬಹಳಷ್ಟು ಸಾಲುಗಳ ಆರಂಭದಲ್ಲಿ, ಸರಿಯಾಗಿ ಸ್ಥಾಪಿತವಾಗಿದೆ ಎನ್ನುವ ‘ಐಐ’ ಬದಲು ‘ಆರ್‌ಸಿ’ ಎಂದಿತ್ತು, ಪೋಸ್ಟ್‌ಗ್ರೆಸ್ 13ರ ಮುಂದೆಯೂ ಅದೇ. ಅರ್ಧಕ್ಕೆ ನಿಂತ ಕೆಲಸದಲ್ಲಿ ಇವೆಲ್ಲ ಕೆಟ್ಟುಹೋಗಿವೆಯೆಂದು ಅವನು ಊಹಿಸಿದ. ಇಂತಹ ಸಾಲುಗಳನ್ನೆಲ್ಲ ಗ್ರೆಪ್‌ನಿಂದ ಹೆಕ್ಕಿ, ಹೆಸರುಗಳನ್ನು ಬೇರ್ಪಡಿಸಿ, ಒಟ್ಟಿಗೆ, ಪ್ಯಾಕೇಜ್‌ನ ಉಳಿಕೆಯನ್ನೂ ಅಳಿಸುವ ‘ಡಿಪಿಕೆಜಿ --ಪರ್ಜ್’ಗೆ ಒಪ್ಪಿಸುವ ಒಂದು ಸಾಲಿನ ಆಜ್ಞೆ ಎಲ್ಲೆಡೆ ಓಡಾಡುತ್ತಿರುತ್ತದೆ. ಅದನ್ನು ಟೈಪ್ ಮಾಡಿ, ಎಂಟರ್ ಒತ್ತುವ ಮೊದಲು ಪರದೆಯ ಫೋಟೊ ಕಳಿಸಿ ಫೋನ್ ಮಾಡಿದ.

‘ಸರ್, ಆರ್‌ಸಿ ಅಂತ ಬಂದಿರೋವೆಲ್ಲಾ ಕೆಟ್ಟು ಕುಂತಾವೆ. ಒಂದೇ ಸಲಕ್ಕೆ ತೆಗೆದು ಹಾಕ್ಲಾ?’

‘ಏನೂ ಒತ್ತಬೇಡಪ್ಪ. ಆ ಗ್ರೆಪ್ ತೆಗಿ. ಪಟ್ಟಿಯ ಮೊದಲಿನ ಐದು ಸಾಲು ಮಾತ್ರ ಕಳಿಸು.’

ಈ ಪ್ರಕರಣದಲ್ಲಿ ತಿರುವು ಎಂಬುದಿದ್ದರೆ ಅದು ಇಲ್ಲಿಯೇ. ಎಂಟರ್ ಒತ್ತುವ ಮೊದಲು ಕೇಳಿದ್ದು ಅವನ ಗುಣ. ಉಳಿದದ್ದೆಲ್ಲ ನಿಧಾನವಾಗಿ ಓದಿ ಮಾಡಬಹುದಾದ ಕೆಲಸ.

ಗ್ರೆಪ್ ಕತ್ತರಿಸಿದ್ದ ಸಾಲುಗಳು

‘ಡಿಪಿಕೆಜಿ -ಎಲ್’ ಕೊಡುವ ಪಟ್ಟಿಯ ನೆತ್ತಿಯ ಮೇಲೆ ಮೂರು ಸಾಲಿನ ಸೂಚಿ ಇರುತ್ತದೆ. ಮೊದಲ ಸಾಲು ಬಯಸಿದ ಸ್ಥಿತಿಯ ಹೆಸರುಗಳನ್ನು ಕೊಡುತ್ತದೆ: ಅನ್‌ನೋನ್, ಇನ್‌ಸ್ಟಾಲ್, ರಿಮೂವ್, ಪರ್ಜ್, ಹೋಲ್ಡ್. ಒಂದು ಲಂಬ ಗೆರೆಯಿಂದ ಶುರುವಾಗುವ ಎರಡನೆಯ ಸಾಲು ಈಗಿರುವ ಸ್ಥಿತಿಯನ್ನು ಹೇಳುತ್ತದೆ: ನಾಟ್, ಇನ್‌ಸ್ಟ್, ಕಾನ್ಫ್-ಫೈಲ್ಸ್, ಅನ್‌ಪ್ಯಾಕ್ಡ್, ಹಾಫ್-ಕಾನ್ಫ್, ಹಾಫ್-ಇನ್‌ಸ್ಟ್, ಜೊತೆಗೆ ಟ್ರಿಗರ್‌ಗಾಗಿ ಕಾಯುತ್ತಿರುವ ಎರಡು ಸ್ಥಿತಿಗಳು. ಗೆರೆ ಮತ್ತು ಓರೆಗೆರೆಯಿಂದ ಶುರುವಾಗುವ ಮೂರನೆಯ ಸಾಲು ದೋಷದ ಗುರುತಿಗೆ ಮೀಸಲು. ಆ ಗುರುತಿನ ಕಾಲಂ ಸಾಮಾನ್ಯವಾಗಿ ಖಾಲಿ, ಪ್ಯಾಕೇಜನ್ನು ಮತ್ತೆ ಸ್ಥಾಪಿಸಲೇಬೇಕಾದಾಗ ಮಾತ್ರ ಅಲ್ಲಿ ‘ಆರ್’ ಬರುತ್ತದೆ. ಗೆರೆಗಳು ಕೆಳಗಿಳಿದು ಆಯಾ ಅಕ್ಷರದ ಕಾಲಂ ಮೇಲೆ ನಿಲ್ಲುವಂತೆ ಜೋಡಿಸಿರುವುದರಿಂದ, ಯಾವ ಅಕ್ಷರಕ್ಕೆ ಯಾವ ಸಾಲಿನ ಸೂಚಿ ಎಂಬುದನ್ನು ಬೆರಳಿಟ್ಟು ನೋಡಬಹುದು. ‘ಆರ್‌ಸಿ’ಯಿಂದ ಆರಂಭವಾಗುವ ಸಾಲುಗಳನ್ನಷ್ಟೇ ಹೆಕ್ಕುವ ಗ್ರೆಪ್ ಈ ಸೂಚಿಯನ್ನೇ ಕತ್ತರಿಸಿ ಬಿಸಾಡುತ್ತದೆ. ಓದುವವನ ಕೈಯಲ್ಲಿ ಅಕ್ಷರಗಳು ಉಳಿಯುತ್ತವೆ, ಅರ್ಥ ಉಳಿಯುವುದಿಲ್ಲ.

ಮೂರನೆಯ ಸಾಲಿನ ತುದಿಯಲ್ಲಿ ಆವರಣದೊಳಗೆ ಒಂದು ಸಣ್ಣ ಮಾತಿದೆ: ಸ್ಥಿತಿ ಮತ್ತು ದೋಷದ ಕಾಲಂಗಳಲ್ಲಿ ಕ್ಯಾಪಿಟಲ್ ಅಕ್ಷರ ಬಂದರೆ ಕೆಟ್ಟದ್ದು. ಹುಡುಗನ ಪರದೆಯಲ್ಲಿದ್ದ ‘ಆರ್‌ಸಿ’ ಎರಡೂ ಸ್ಮಾಲ್ ಅಕ್ಷರಗಳು. ಕೆಟ್ಟದ್ದೆಂದು ಅವನು ತಿಳಿದ ಸಾಲುಗಳು ಕೆಟ್ಟಿರಲಿಲ್ಲ. ಪಟ್ಟಿಯ ಮಧ್ಯದಲ್ಲಿ ಅವನು ಗಮನಿಸದೆ ಬಿಟ್ಟಿದ್ದ ಮೂರು ಸಾಲುಗಳಲ್ಲಿ ಮಾತ್ರ ಎರಡನೆಯ ಅಕ್ಷರ ಕ್ಯಾಪಿಟಲ್ ಆಗಿತ್ತು.

ಮೊದಲ ಅಕ್ಷರ ಬಳಕೆದಾರನ ಅಪೇಕ್ಷೆ, ಎರಡನೆಯದು ಯಂತ್ರದ ವಾಸ್ತವ. ಅಪೇಕ್ಷೆಗೆ ಪ್ರತ್ಯೇಕ ಕಾಲಂ ಏಕೆ ಎಂದು ಇಂದಿನವರಿಗೆ ಅನ್ನಿಸುವುದು ಸಹಜ. 1990ರ ದಶಕದ ಡಿಸೆಲೆಕ್ಟ್ ತಂತ್ರಾಂಶವನ್ನು ಬಳಸಿದವರಿಗೆ ಇದು ವಿಚಿತ್ರವೆನಿಸದು: ಅಲ್ಲಿ ಬೇಕಾದ್ದು ಬೇಡವಾದ್ದನ್ನೆಲ್ಲ ಮೊದಲು ಗುರುತು ಹಾಕಿಕೊಂಡು, ಆಮೇಲೆ ಒಟ್ಟಿಗೆ ಜಾರಿಗೊಳಿಸಬೇಕಿತ್ತು, ಗುರುತು ಮತ್ತು ಜಾರಿಯ ನಡುವೆ ಅಂತರವಿರುತ್ತಿತ್ತು. ಇದೇ ಮಾಹಿತಿ ‘/ವರ್/ಲಿಬ್/ಡಿಪಿಕೆಜಿ/ಸ್ಟೇಟಸ್’ ಎಂಬ ಸಾದಾ ಪಠ್ಯಕಡತದಲ್ಲಿ ಇನ್ನೂ ಬಿಡಿಯಾಗಿ ಕಾಣುತ್ತದೆ. ಪೋಸ್ಟ್‌ಗ್ರೆಸ್ 13ರ ಕೆಳಗೆ ಅಲ್ಲಿ ಬರೆದಿದ್ದದ್ದು ‘ಡಿಇನ್‌ಸ್ಟಾಲ್ ಓಕೆ ಕಾನ್ಫಿಗ್-ಫೈಲ್ಸ್’ ಎಂಬ ಮೂರು ಪದ: ತೆಗೆಯಬೇಕೆಂಬ ಅಪೇಕ್ಷೆ, ದೋಷವಿಲ್ಲವೆಂಬ ಗುರುತು, ಉಳಿದಿರುವುದು ಸಂರಚನೆಯ ಕಡತಗಳೆಂಬ ಸ್ಥಿತಿ. ನಡುವಿನ ‘ಓಕೆ’ಯನ್ನು ಫೋನಿನಲ್ಲಿ ಅವನಿಂದಲೇ ಓದಿಸಿದೆ.

ಅವನ ಅನುಮಾನ ಪೂರ್ತಿ ಹೋಗಲು ಇನ್ನೊಂದು ಪುರಾವೆ ಬೇಕಾಯಿತು. ‘ಡಿಪಿಕೆಜಿ --ಆಡಿಟ್’ ಅರೆಬರೆಯಾಗಿ ನಿಂತ ಪ್ಯಾಕೇಜ್‌ಗಳನ್ನು ಮಾತ್ರ ಹೇಳುತ್ತದೆ. ಅದು ಕರ್ನಲ್‌ಗೆ ಸಂಬಂಧಿಸಿದ ಆ ಮೂರು ಹೆಸರುಗಳನ್ನು ಹೇಳಿ ಸುಮ್ಮನಾಯಿತು. ಆರ್‌ಸಿ ಸಾಲುಗಳ ಒಂದು ಹೆಸರೂ ಅಲ್ಲಿರಲಿಲ್ಲ.

ಪರ್ಜ್ ಆಗಿದ್ದರೆ ಹೋಗುತ್ತಿದ್ದದ್ದು

ಆರ್‌ಸಿ ಎಂದರೆ ಪ್ಯಾಕೇಜ್ ಹೋಗಿದೆ, ಅದರ ಸಂರಚನೆಯ ಕಡತಗಳು ಉಳಿದಿವೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆಪ್ಟ್ ಕೂಡ ತನ್ನ ಪಟ್ಟಿಯಲ್ಲಿ ಇದನ್ನು ‘ರೆಸಿಡ್ಯುಯಲ್-ಕಾನ್ಫಿಗ್’ ಎಂದೇ ಬರೆಯುತ್ತದೆ. ಈ ಹೆಸರು ಕೇಳಿದವರಿಗೆ ‘ಇಟಿಸಿ’ ಕಡತಕೋಶದಲ್ಲಿ ಬಿದ್ದಿರುವ ನಾಲ್ಕು ಸಣ್ಣ ಕಡತಗಳ ಚಿತ್ರ ಮೂಡುತ್ತದೆ, ಬಹುತೇಕ ಪ್ಯಾಕೇಜ್‌ಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಡಿಪಿಕೆಜಿಯ ಕೈಪಿಡಿ ಕೊಡುವ ವಿವರಣೆ ಇದಕ್ಕಿಂತ ಅಗಲ: ಸಂರಚನೆಯ ಕಡತಗಳು, ಅಥವಾ ಪ್ಯಾಕೇಜ್ ತೆಗೆದ ಮೇಲೆ ಓಡುವ ‘ಪೋಸ್ಟ್‌ಆರ್‌ಎಂ’ ಎಂಬ ಸ್ಕ್ರಿಪ್ಟ್ ಮತ್ತು ಅದು ಅಳಿಸಬೇಕಾದ ದತ್ತಾಂಶ ಮಾತ್ರ ಉಳಿದಿರುವ ಸ್ಥಿತಿ ಅದು. ಅಂದರೆ ಆರ್‌ಸಿ ಸಾಲಿನ ಹಿಂದೆ ಅಳಿಸುವ ಭಾಗ ಇನ್ನೂ ಓಡದಿರುವ ಒಂದು ಸ್ಕ್ರಿಪ್ಟ್ ಕಾದು ಕುಳಿತಿರಬಹುದು, ಮತ್ತು ಪರ್ಜ್ ಎಂಬುದು ಅದಕ್ಕೆ ಕೊಡುವ ಅಪ್ಪಣೆ.

ಪೋಸ್ಟ್‌ಗ್ರೆಸ್‌ನ ವಿಚಾರದಲ್ಲಿ ಆ ಸ್ಕ್ರಿಪ್ಟ್ ಅಳಿಸುವುದು ಸಂರಚನೆಯನ್ನಷ್ಟೇ ಅಲ್ಲ, ‘/ವರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/13’ರ ಕೆಳಗಿರುವ ದತ್ತಸಂಚಯವನ್ನೂ. ಅಳಿಸಲೇ ಎಂದು ಅದು ಕೇಳುತ್ತದೆ ನಿಜ. ಆದರೆ ಪ್ರಶ್ನೆಯ ಪೂರ್ವನಿಗದಿತ ಉತ್ತರ ‘ಹೌದು’. ಹೆಸರುಗಳನ್ನು ಪೈಪ್ ಮೂಲಕ ಸುರಿಯುವ ಒಂದು ಸಾಲಿನ ಆಜ್ಞೆಯಲ್ಲಿ ಪ್ರಶ್ನೆಗೆ ಉತ್ತರಿಸಲು ಕೀಬೋರ್ಡ್‌ಗೆ ದಾರಿಯೇ ಇರುವುದಿಲ್ಲವಾದ್ದರಿಂದ, ಪೂರ್ವನಿಗದಿತ ಉತ್ತರವೇ ಅಂತಿಮವಾಗುವ ಸಾಧ್ಯತೆ ದೊಡ್ಡದು. ರೈತರ ಲೆಕ್ಕ, ಖರೀದಿದಾರರ ಬಾಕಿ ಎಲ್ಲವೂ ಹಳೆಯ ಕರ್ನಲ್‌ಗಳ ಚೂರುಪಾರು ಕಡತಗಳ ಜೊತೆ ಹೋಗಿಬಿಡುತ್ತಿದ್ದವು.

ಮೊದಲು ‘-ಎಸ್’ ಹಾಕಿ ಅಣಕು ಓಟ ನಡೆಸಿ ನೋಡಬಹುದಿತ್ತಲ್ಲ ಎಂದು ಆಮೇಲೆ ಒಬ್ಬರು ಕೇಳಿದರು. ಆಪ್ಟ್‌ನ ಅಣಕು ಓಟ ಯಾವ ಪ್ಯಾಕೇಜ್ ಪರ್ಜ್ ಆಗುತ್ತದೆಂಬುದನ್ನು ಮಾತ್ರ ತೋರಿಸುತ್ತದೆ, ಪ್ಯಾಕೇಜ್‌ನ ಸ್ಕ್ರಿಪ್ಟ್ ಏನು ಮಾಡಲಿದೆಯೆಂಬುದನ್ನು ತೋರಿಸುವುದಿಲ್ಲ. ಅದನ್ನು ತಿಳಿಯಲು ‘/ವರ್/ಲಿಬ್/ಡಿಪಿಕೆಜಿ/ಇನ್ಫೋ’ ಕಡತಕೋಶದಲ್ಲಿ ಪ್ಯಾಕೇಜ್ ಹೆಸರಿನ ಮುಂದೆ ‘ಪೋಸ್ಟ್‌ಆರ್‌ಎಂ’ ಎಂದಿರುವ ಕಡತವನ್ನೇ ತೆರೆದು ಓದಬೇಕು. ಅದು ಸಾಮಾನ್ಯವಾಗಿ ಶೆಲ್ ಸ್ಕ್ರಿಪ್ಟ್. ‘ಪರ್ಜ್’ ಎಂಬ ಪದವನ್ನು ಹುಡುಕಿ ಅಲ್ಲಿಂದ ಕೆಳಗೆ ಓದಿದರೆ ಬೇಕಾದ್ದು ಸಿಗುತ್ತದೆ. ಹೆಚ್ಚಿನವು ತೀರಾ ಚಿಕ್ಕವು.

ಇಷ್ಟಾದ ಮೇಲೆ ನಾವು ತೆಗೆದುಕೊಂಡ ಮೊದಲ ನಿರ್ಧಾರ, ಯಾವುದನ್ನೂ ಸರಿಪಡಿಸದೆ ಮೊದಲು ನಕಲು ಮಾಡುವುದು. ಪ್ಯಾಕೇಜ್ ತೆಗೆಯುವಾಗ ಪೋಸ್ಟ್‌ಗ್ರೆಸ್ 13 ಕ್ರಮವಾಗಿ ನಿಂತಿದ್ದರಿಂದ ಕಡತಗಳ ನೇರ ನಕಲು ನಂಬಲರ್ಹವಾಗಿತ್ತು. ದತ್ತಾಂಶ, ‘ಇಟಿಸಿ’ಯಲ್ಲಿದ್ದ ಸಂರಚನೆ ಮತ್ತು ಡಿಪಿಕೆಜಿಯ ಸ್ಟೇಟಸ್ ಕಡತ ಮೂರನ್ನೂ ಹೊರಗಿನ ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಬಿಚ್ಚಿ ಗಲ್ಲಾಪೆಟ್ಟಿಗೆಯ ಡ್ರಾಯರ್‌ನಲ್ಲಿಡಲು ಹೇಳಿದೆ.

ಎರಡನೆಯ ನಿರ್ಧಾರದಲ್ಲಿ ಸ್ವಲ್ಪ ವಾದವಾಯಿತು. ಮಾಲೀಕರಿಗೆ ಬೇಕಾಗಿದ್ದದ್ದು ಬಿಲ್ಲಿಂಗ್, ಅದೂ ಕೂಡಲೇ. ಕರ್ನಲ್ ತೊಡಕು ಆಮೇಲೆ ನೋಡಿದರಾಯಿತು ಎಂಬುದು ಅವರ ವಾದ. ಆದರೆ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳು ಇರುವ ತನಕ ಪ್ರತಿಯೊಂದು ಆಪ್ಟ್ ಆಜ್ಞೆಯೂ ದೋಷಸಂದೇಶದಲ್ಲಿ ಮುಗಿಯುತ್ತದೆ, ಆಗಿದ್ದು ಯಾವುದು ಆಗದ್ದು ಯಾವುದು ಎಂಬ ಗೊಂದಲ ಮುಂದುವರಿಯುತ್ತದೆ. ಹುಡುಗ ಎಡವಿದ್ದು ಅಲ್ಲಿಯೇ. ‘ಸಾವಕಾರ್ರೆ, ಮಧ್ಯಾಹ್ನದವರೆಗೆ ಕೈಬರಹದಲ್ಲೇ ನಡೆಸ್ರಿ’ ಎಂದು ಒಪ್ಪಿಸಿ ಕರ್ನಲ್ ಕಡೆ ಮೊದಲು ಹೋದೆವು.

ಕ್ಯಾಪಿಟಲ್ ಅಕ್ಷರದ ಮೂರು ಸಾಲುಗಳು

ಹೊಸ 6.1 ಕರ್ನಲ್‌ನ ಪ್ಯಾಕೇಜ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ (ಯಂತ್ರ ಏಳುವಾಗ ಬೇಕಾದ ಆರಂಭಿಕ ಕಡತವನ್ನು ಕಟ್ಟುವ ಪ್ಯಾಕೇಜ್) ಎರಡೂ ‘ಐಎಫ್’ ಸ್ಥಿತಿಯಲ್ಲಿದ್ದವು, ಹೊಂದಿಸುವ ಹಂತದಲ್ಲಿ ಮುಗ್ಗರಿಸಿದವು ಎಂದರ್ಥ. ಲಿನಕ್ಸ್-ಇಮೇಜ್-ಎಎಮ್‌ಡಿ64 ಎಂಬ ಮೇಲುಪ್ಯಾಕೇಜ್ ‘ಐಯು’ದಲ್ಲಿತ್ತು, ಬಿಚ್ಚಿಟ್ಟಿದೆ, ಹೊಂದಿಸಲು ಇನ್ನೂ ಕೈಹಾಕಿಲ್ಲ. ಇವುಗಳ ನಡುವಿನ ವ್ಯತ್ಯಾಸ ರೋಗ ಪತ್ತೆಗೆ ಬಹಳ ನೆರವಾಗುತ್ತದೆ. ಎಫ್ ಇರುವಲ್ಲಿ ಏನೋ ಸೋತಿದೆ. ಯು ಇರುವುದು ಆ ಸೋಲಿನ ಹಿಂದೆ ಸರತಿಯಲ್ಲಿ ನಿಂತಿರುವುದು. ಯು ಸಾಲುಗಳ ಬೆನ್ನು ಹತ್ತುವುದು ವ್ಯರ್ಥ ಶ್ರಮ, ಎಫ್ ಸರಿಯಾದರೆ ಅವು ತಾವಾಗಿಯೇ ಐಐ ಆಗುತ್ತವೆ.

ಜಾಗವಿಲ್ಲದಿದ್ದದ್ದು ‘/ಬೂಟ್’ ಎಂಬ ಪ್ರತ್ಯೇಕ ಸಣ್ಣ ವಿಭಾಗದಲ್ಲಿ; ಮುಖ್ಯ ಡಿಸ್ಕ್‌ನಲ್ಲಿ ಧಾರಾಳ ಜಾಗವಿತ್ತು. ಪೋಸ್ಟ್‌ಗ್ರೆಸ್ ತೆಗೆದಿದ್ದರಿಂದ ಒಂದು ಬೈಟ್ ಲಾಭವೂ ಆಗುವಂತಿರಲಿಲ್ಲ. ಪಟ್ಟಿಯಲ್ಲಿ 5.10 ಸರಣಿಯ ಹಳೆಯ ಕರ್ನಲ್‌ಗಳ ಸಾಲು ಉದ್ದಕ್ಕಿತ್ತು, ಹೆಚ್ಚಿನವು ಆರ್‌ಸಿ. ಇವನ್ನು ಪರ್ಜ್ ಮಾಡಿದರೆ ಜಾಗ ಸಿಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅವುಗಳ ಕರ್ನಲ್ ಕಡತಗಳು ‘/ಬೂಟ್’ನಿಂದ ಎಂದೋ ಹೋಗಿವೆ, ಜಾಗ ತಿನ್ನುತ್ತಿದ್ದವು ಇನ್ನೂ ಐಐ ಆಗಿಯೇ ಉಳಿದ ಹಳೆಯ ಕರ್ನಲ್‌ಗಳು. ಅಂದರೆ ಬೆದರಿಸುವಂತೆ ಕಂಡ ಸಾಲುಗಳು ನಿರಪಾಯ, ಸೌಮ್ಯವಾಗಿ ಕಂಡ ಐಐ ಸಾಲುಗಳಲ್ಲೇ ಮೂಲವಿತ್ತು. ‘ಯುನೇಮ್ -ಆರ್’ನಿಂದ ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಖಚಿತಪಡಿಸಿಕೊಂಡು, ಅದನ್ನು ಬಿಟ್ಟು ಉಳಿದ ಹಳೆಯ ಐಐ ಕರ್ನಲ್‌ಗಳನ್ನು ಒಂದೊಂದೇ ಹೆಸರು ಬರೆದು ತೆಗೆದೆವು. ‘ಡಿಪಿಕೆಜಿ --ಕಾನ್ಫಿಗರ್ -ಎ’ ಈ ಸಲ ತಕರಾರಿಲ್ಲದೆ ಮುಗಿಯಿತು. ಆಡಿಟ್ ಏನನ್ನೂ ಹೇಳಲಿಲ್ಲ.

ದತ್ತಸಂಚಯ ಮರಳಿದ್ದು

ಪೋಸ್ಟ್‌ಗ್ರೆಸ್‌ನ ಕ್ಲಸ್ಟರ್‌ಗಳನ್ನು (ಒಂದು ಆವೃತ್ತಿ ಒಟ್ಟಿಗೆ ನಡೆಸುವ ದತ್ತಸಂಚಯಗಳ ಗುಂಪುಗಳನ್ನು) ತೋರಿಸುವ ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಆಜ್ಞೆ ಎರಡು ಸಾಲು ಕೊಟ್ಟಿತು. ಹದಿಮೂರರ ಮುಂದೆ 5432ನೆಯ ಪೋರ್ಟ್, ಜೊತೆಗೆ ‘ಡೌನ್, ಬೈನರೀಸ್_ಮಿಸ್ಸಿಂಗ್’: ದತ್ತಾಂಶವಿದೆ, ಓಡಿಸುವ ತಂತ್ರಾಂಶವಿಲ್ಲ. ಹದಿನೈದರ ಮುಂದೆ 5433, ಓಡುತ್ತಿದೆ. ಹಳೆಯದು 5432ನ್ನು ಹಿಡಿದಿದ್ದಾಗ ಸ್ಥಾಪನೆಯಾದ ಹೊಸದಕ್ಕೆ ಮುಂದಿನ ಪೋರ್ಟ್ ಸಿಕ್ಕಿತ್ತು. ಬಿಲ್ಲಿಂಗ್ ತಂತ್ರಾಂಶ 5432ರ ಬಾಗಿಲು ತಟ್ಟುತ್ತಲೇ ಇತ್ತು. ಡೆಬಿಯನ್ ಆವೃತ್ತಿ ಏರಿಸಿದ ಮಾತ್ರಕ್ಕೆ ದತ್ತಾಂಶ ಹಳೆಯ ಪೋಸ್ಟ್‌ಗ್ರೆಸ್‌ನಿಂದ ಹೊಸದಕ್ಕೆ ತಾನಾಗಿ ಹೋಗುವುದಿಲ್ಲ. ಅದನ್ನು ಸಾಗಿಸುವವರೆಗೆ ಎರಡೂ ಜೊತೆಯಲ್ಲಿರುವುದು ಉದ್ದೇಶಪೂರ್ವಕ ಏರ್ಪಾಡು.

ಡೆಬಿಯನ್ 12ರ ಭಂಡಾರದಲ್ಲಿ ಹದಿಮೂರನೆಯ ಆವೃತ್ತಿ ಇಲ್ಲ. ಪೋಸ್ಟ್‌ಗ್ರೆಸ್ ಯೋಜನೆಯೇ ನಡೆಸುವ ಆಪ್ಟ್ ಭಂಡಾರವನ್ನು ತಾತ್ಕಾಲಿಕವಾಗಿ ಸೇರಿಸಿ, ಅಲ್ಲಿಂದ ಅದೊಂದನ್ನೇ ಹೆಸರಿಟ್ಟು ತಂದೆವು. ಪಟ್ಟಿಯಲ್ಲಿ ಆರ್‌ಸಿ ಇದ್ದ ಸಾಲು ಐಐ ಆಯಿತು, ಉಳಿದಿದ್ದ ಸಂರಚನೆಯನ್ನು ಹಿಡಿದುಕೊಂಡು ಹಳೆಯ ಕ್ಲಸ್ಟರ್ ಎದ್ದಿತು. ಆರ್‌ಸಿ ಸ್ಥಿತಿ ಇರುವುದೇ ಇದಕ್ಕಾಗಿ. ಹದಿನೈದರ ಕ್ಲಸ್ಟರ್‌ನಲ್ಲಿ ಏನೂ ಇಲ್ಲವೆಂದು ಎರಡು ಬಾರಿ ನೋಡಿ, ಅದನ್ನು ತೆಗೆದುಹಾಕಿ, ‘ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್’ ಮೂಲಕ ಹಳೆಯದನ್ನು ಹದಿನೈದಕ್ಕೆ ಸಾಗಿಸಿದೆವು. ಡಂಪ್ ಮಾಡಿ ಮತ್ತೆ ತುಂಬುವ ವಿಧಾನ ನಿಧಾನವಾದರೂ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಹೊಸ ಡೆಬಿಯನ್ ಜೊತೆ ಭಾಷಾ ವಿಂಗಡಣೆಯ ಗ್ರಂಥಾಲಯಗಳೂ ಬದಲಾಗಿರುವುದರಿಂದ ಸೂಚ್ಯಂಕಗಳು ಹೊಸದಾಗಿ ಕಟ್ಟಲ್ಪಡುವುದು ಕ್ಷೇಮ, ಡಂಪ್ ವಿಧಾನದಲ್ಲಿ ಅದು ತಾನಾಗಿ ಆಗುತ್ತದೆ. ಸಾಗಣೆ ಮುಗಿದ ಮೇಲೆ ಹದಿನೈದು 5432ಕ್ಕೆ ಬಂತು. ಬಿಲ್ಲಿಂಗ್ ತಂತ್ರಾಂಶದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಮಧ್ಯಾಹ್ನ ಸಂಜೆಯಾಯಿತು ಎಂಬುದನ್ನು ಬಿಟ್ಟರೆ ಮಾಲೀಕರ ಕಡೆಯಿಂದ ದೂರಿರಲಿಲ್ಲ.

ಕಾರಣ ಬರೆದಿಡದ ಒಂದು ‘ಎಚ್’

ಇದೇ ಓದಿನಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಮುದ್ರಣಕ್ಕೆ ಸಂಬಂಧಿಸಿದ ಕಪ್ಸ್-ಫಿಲ್ಟರ್ಸ್ ಪ್ಯಾಕೇಜ್ ‘ಎಚ್‌ಐ’ ಎಂದು ತೋರಿಸುತ್ತಿತ್ತು: ಸ್ಥಾಪಿತವಾಗಿದೆ, ಆದರೆ ಯಾರೋ ಅದನ್ನು ಹಿಡಿದು ನಿಲ್ಲಿಸಿದ್ದಾರೆ. ಇಡೀ ಡೆಬಿಯನ್ ಹನ್ನೆರಡಕ್ಕೆ ಏರಿದರೂ ಇದು ಹನ್ನೊಂದರ ಆವೃತ್ತಿಯಲ್ಲೇ ಉಳಿದಿತ್ತು. ಹೋಲ್ಡ್ ಹಾಕಿದವರು ಹಿಂದೆ ತಂತ್ರಾಂಶ ಕೂಡಿಸಿಕೊಟ್ಟವರಿರಬೇಕು. ಡಿಪಿಕೆಜಿ ಅಪೇಕ್ಷೆಯನ್ನು ದಾಖಲಿಸುತ್ತದೆ, ಅದರ ಹಿಂದಿನ ಕಾರಣವನ್ನು ದಾಖಲಿಸುವುದಿಲ್ಲ. ಹುಡುಗ ಹೋಲ್ಡ್ ತೆಗೆಯಲು ಹೊರಟಾಗ ತಡೆದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಲೆಕ್ಕದ ಪಟ್ಟಿ ಅಂಕಣ ತಪ್ಪದೆ ಬರುವುದು ಆ ಅಂಗಡಿಗೆ ಎಷ್ಟು ಮುಖ್ಯವೆಂಬುದು ಗೊತ್ತಿದ್ದರಿಂದ. ಹಂಗಾಮು ಮುಗಿದ ಮೇಲೆ ಬೇರೆ ಯಂತ್ರದಲ್ಲಿ ಹೊಸ ಆವೃತ್ತಿಯಿಂದ ಮುದ್ರಿಸಿ ನೋಡಿದರೆ ಅಂಕಣಗಳು ನಿಜವಾಗಿಯೂ ಜಾರುತ್ತಿದ್ದವು.

ಆಮೇಲಿನ ಪದ್ಧತಿ

ಏರಿಕೆಗೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಹೀಗೆ ಎರಡು ಬಾರಿ ಪೂರ್ತಿ ಪಟ್ಟಿಯನ್ನು ಸೂಚಿಯ ಸಾಲುಗಳ ಸಮೇತ ಕಡತಕ್ಕೆ ಉಳಿಸಿ, ಅವುಗಳ ವ್ಯತ್ಯಾಸವನ್ನು ಓದುವುದು ಈಗ ಅಲ್ಲಿನ ರೂಢಿ. ದೋಷ ಬಂದರೆ ಪರದೆಯ ಕೊನೆಯ ಸಾಲನ್ನು ನಂಬದೆ ‘/ವರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ಮತ್ತು ‘ಡಿಪಿಕೆಜಿ.ಲಾಗ್’ ನೋಡುತ್ತಾರೆ, ಪೋಸ್ಟ್‌ಗ್ರೆಸ್ 13 ತೆಗೆದ ಹೊತ್ತು, ಆಜ್ಞೆ ಎರಡೂ ಅಲ್ಲಿ ನಿಚ್ಚಳವಾಗಿ ಬರೆದಿದ್ದವು. ಬ್ಯಾಕಪ್ ದಿನಕ್ಕೊಮ್ಮೆ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಬದಲಾಗಿದೆ.

ಆರ್‌ಸಿ ಸಾಲುಗಳ ಪೈಕಿ ಹಳೆಯ ಕರ್ನಲ್‌ಗಳವನ್ನು ಹುಡುಗನೇ ಬಿಡುವಾದಾಗ ಪೋಸ್ಟ್‌ಆರ್‌ಎಂ ಓದಿ ಪರ್ಜ್ ಮಾಡಿದ. ಪೋಸ್ಟ್‌ಗ್ರೆಸ್ 13ನ್ನು ಮಾರ್ಚ್ ಲೆಕ್ಕ ಮುಗಿಯುವವರೆಗೆ ಬಿಟ್ಟು, ಆಮೇಲೆ ಅದರ ಕ್ಲಸ್ಟರನ್ನು ‘ಪಿಜಿ_ಡ್ರಾಪ್‌ಕ್ಲಸ್ಟರ್’ನಿಂದ ಮೊದಲು ತೆಗೆದು, ನಂತರವೇ ಪ್ಯಾಕೇಜನ್ನು ಪರ್ಜ್ ಮಾಡಲಾಯಿತು, ಆಗ ಸ್ಕ್ರಿಪ್ಟ್ ಕೇಳಬಹುದಾದ ಪ್ರಶ್ನೆಗೆ ಯಾವ ಉತ್ತರ ಹೋದರೂ ನಷ್ಟವಾಗುವ ದತ್ತಾಂಶ ಅಲ್ಲಿರಲಿಲ್ಲ. ಕಪ್ಸ್-ಫಿಲ್ಟರ್ಸ್ ಇಂದಿಗೂ ಎಚ್‌ಐ ಆಗಿಯೇ ಇದೆ. ಅದಕ್ಕೆ ಕಾರಣವೇನು, ಯಾವ ಪರೀಕ್ಷೆ ಪಾಸಾದರೆ ಹೋಲ್ಡ್ ತೆಗೆಯಬಹುದು ಎಂಬುದನ್ನು ಸರ್ವರ್‌ನ ರಿಜಿಸ್ಟರ್ ಪುಸ್ತಕದಲ್ಲಿ ಬರೆದು, ಬರೆದವನು ಸಹಿ ಹಾಕಿದ್ದಾನೆ.